ಪಾದಚಾರಿಗೂ ಕಾಯಿದೆಯುಂಟು

ಮಹಾನಗರಗಳಲ್ಲಿ ಬಾಳುವೆ ನಡೆಸುವ ನಮಗೆ ನಡಿಗೆ ತಪ್ಪಿದ್ದಲ್ಲ. ಸ್ವಂತ ವಾಹನವುಳ್ಳವರೂ ನಿಲ್ದಾಣದಿಂದ ಕಚೇರಿಗೆ, ಮನೆಯಿಂದ ತರಕಾರಿ ಅಂಗಡಿಗೆ ಕಾಲುನಡಿಗೆಯಲ್ಲೇ ಹೋಗಬೇಕು. ಆ ನಾಲ್ಕು ಹೆಜ್ಜೆಯೇ ಇಂದು ಅಪಾಯದ ದಾರಿಯಾಗಿದೆ. ಕೇಂದ್ರ ಸರಕಾರದ ರಸ್ತೆ ಸಾರಿಗೆ ಸಚಿವಾಲಯವು ಪ್ರಕಟಿಸಿದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ 32,825 ಮಂದಿ ಪಾದಚಾರಿಗಳು. ಸತ್ತ ಐವರಲ್ಲಿ ಹೆಚ್ಚುಕಡಿಮೆ ಒಬ್ಬರು ನಡೆದು ಹೋಗುತ್ತಿದ್ದವರೆಂದಾಯಿತು. ಕೈಕಾಲು ಕಳೆದುಕೊಂಡು ಬದುಕುಳಿದವರ ಪಾಡು ಬೇರೆ.

ಇಂಥ ಸಂದರ್ಭದಲ್ಲಿ ನಮ್ಮವರು ಸಾಮಾನ್ಯವಾಗಿ ಮಾಡುವುದೇನು? ಊರು ಪರವೂರು, ಮಾತು ಪರಭಾಷೆ, ಪೋಲೀಸು ಕೋರ್ಟು ಎಂದರೆ ಅಂಜಿಕೆ. ‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆಯನ್ನು ಹೇಳಿ ಹಿರಿಯರು ಸುಮ್ಮನಿರಿಸುತ್ತಾರೆ. ವಾಹನದ ಯಜಮಾನನು ಆಸ್ಪತ್ರೆಗೆ ಬಂದು ಹತ್ತೋ ಇಪ್ಪತ್ತೋ ಸಾವಿರ ಕೈಗಿತ್ತು, ರಾಜಿಯ ಕಾಗದಕ್ಕೆ ರುಜು ಹಾಕಿಸಿಕೊಂಡರೆ ಅಲ್ಲಿಗೆ ವಿಷಯ ಮುಗಿಯಿತು. ಈ ಆತುರದ ರುಜುವಿನಿಂದ ಒಂದು ಸಂಸಾರವು ಎಷ್ಟನ್ನು ಕಳೆದುಕೊಳ್ಳುತ್ತದೆಂಬುದನ್ನು ವಾಚಕ ಬಂಧುಗಳ ಮುಂದಿಡುವುದೇ ನಮ್ಮ ಉದ್ದೇಶ.

ಕಾಯಿದೆಯ ಆಸರೆ

ಹಿಂದೆ ಅಪಘಾತದ ಪರಿಹಾರಕ್ಕೆ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಬೇಕಾಗಿತ್ತು. 1939ರ ಮೋಟಾರು ವಾಹನ ಕಾಯಿದೆಗೆ 1956ರಲ್ಲಿ ತಿದ್ದುಪಡಿ ತಂದು, ಇದಕ್ಕೆಂದೇ ಪ್ರತ್ಯೇಕ ನ್ಯಾಯಮಂಡಳಿಗಳಿಗೆ ಅವಕಾಶ ಮಾಡಲಾಯಿತು. ಈಗ ಜಾರಿಯಲ್ಲಿರುವ 1988ರ ಕಾಯಿದೆಯಲ್ಲಿಯೂ ಅದೇ ಏರ್ಪಾಡು ಮುಂದುವರಿದಿದೆ. ರಸ್ತೆಗಿಳಿಯುವ ಪ್ರತಿಯೊಂದು ವಾಹನಕ್ಕೂ ಮೂರನೆಯವರ ವಿಮೆ ಕಡ್ಡಾಯ. ಯಜಮಾನನೂ ಅಲ್ಲದ, ವಿಮಾ ಕಂಪನಿಯೂ ಅಲ್ಲದ ಆ ಮೂರನೆಯವನೇ ದಾರಿಯಲ್ಲಿ ನಡೆಯುವ ನಾವು. ಆದುದರಿಂದ ಪರಿಹಾರ ಕೇಳುವುದು ಭಿಕ್ಷೆಯಲ್ಲ, ಹಕ್ಕು.

ಕ್ರಿಮಿನಲ್ ಮೊಕದ್ದಮೆಯಲ್ಲಿರುವಷ್ಟು ಬಿಗಿಯಾದ ಪುರಾವೆಯನ್ನು ಈ ನ್ಯಾಯಮಂಡಳಿ ಕೇಳುವುದಿಲ್ಲ; ಚಾಲಕನ ಅಜಾಗರೂಕತೆಯೇ ಹೆಚ್ಚು ಸಂಭವನೀಯವೆಂದು ಕಂಡುಬಂದರೆ ಸಾಕು. ಪಾದಚಾರಿಯದೂ ಸ್ವಲ್ಪ ತಪ್ಪಿದ್ದರೆ ಆ ಪಾಲನ್ನು ಕಳೆದು ಉಳಿದುದನ್ನು ಕೊಡಿಸಬಹುದು.

ಪರಸ್ಥಳದವರಾದ ನಮಗೆ ಅತಿ ಮುಖ್ಯವಾದ ಮಾತೊಂದಿದೆ. ಅಪಘಾತ ನಡೆದ ಊರಿನಲ್ಲಿಯೇ ಅರ್ಜಿ ಹಾಕಬೇಕೆಂಬ ನಿರ್ಬಂಧವಿಲ್ಲ. ಅರ್ಜಿದಾರನು ವಾಸಿಸುವ ಅಥವಾ ಉದ್ಯೋಗ ನಡೆಸುವ ಊರಿನಲ್ಲಾದರೂ, ಎದುರುಪಕ್ಷದವನು ವಾಸಿಸುವ ಊರಿನಲ್ಲಾದರೂ ಹಾಕಬಹುದು. ರಜೆಗೆಂದು ಹುಬ್ಬಳ್ಳಿಗೆ ಹೋದಾಗ ಪೆಟ್ಟು ತಿಂದ ಪುಣೆಯ ನಿವಾಸಿ ಪುಣೆಯಲ್ಲಿಯೇ ಅರ್ಜಿ ಸಲ್ಲಿಸಬಹುದು. ಚೆನ್ನೈಯಲ್ಲಿ ದುಡಿಯುತ್ತಿದ್ದ ಮಗನನ್ನು ಕಳೆದುಕೊಂಡ ಮುದಿ ತಾಯಿ ತನ್ನ ಜಿಲ್ಲೆಯಲ್ಲೇ ನ್ಯಾಯ ಕೇಳಬಹುದು. ದೂರಕ್ಕೆ ಹೆದರಿ ಕೈಚೆಲ್ಲಬೇಕಾಗಿಲ್ಲ.

ಮೊದಲು ಮಾಡತಕ್ಕ ಕೆಲಸ

ಎಲ್ಲಕ್ಕೂ ಮೊದಲು ಆಸ್ಪತ್ರೆ. 2025ರ ಮೇ ತಿಂಗಳಿನಿಂದ ಜಾರಿಗೆ ಬಂದ ಯೋಜನೆಯಂತೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ, 1,50,000 ರೂಪಾಯಿಗಳ ಮಿತಿಯೊಳಗೆ, ಮುಂಗಡ ಹಣ ಕಟ್ಟದೆ ಚಿಕಿತ್ಸೆ ದೊರೆಯತಕ್ಕದ್ದು. ತುರ್ತು ಕರೆಯ ಸಂಖ್ಯೆ 112. ಗಾಯಾಳುವನ್ನು ಎತ್ತಿ ತಂದ ದಾರಿಹೋಕನಿಗೆ ಕಾಯಿದೆಯ ರಕ್ಷಣೆಯುಂಟು. ಆತನು ಹೆಸರು ಹೇಳಲೇಬೇಕೆಂದು ಯಾರೂ ಬಲವಂತ ಮಾಡುವಂತಿಲ್ಲ.

ಅನಂತರ ವಾಹನದ ನಂಬರು ಮತ್ತು ಪೋಲೀಸ್ ದೂರು. ದೂರನ್ನು ಬರೆದುಕೊಂಡ ಬಳಿಕ ಓದಿ ಹೇಳುವುದು ಠಾಣೆಯವರ ಕರ್ತವ್ಯ. ಮರಾಠಿಯಲ್ಲೋ ತಮಿಳಿನಲ್ಲೋ ಬರೆದದ್ದಕ್ಕೆ ಅರ್ಥ ತಿಳಿಯದೆ ರುಜು ಹಾಕಬಾರದು. ‘ಗಾಡಿ ಬಂದು ಗುದ್ದಿತು’ ಎಂಬುದಕ್ಕೂ ‘ನಾನು ಗಾಡಿಗೆ ಅಡ್ಡ ಬಂದೆ’ ಎಂಬುದಕ್ಕೂ ಇರುವ ಅಂತರ ಮುಂದೆ ಲಕ್ಷಗಟ್ಟಲೆಯ ಅಂತರವಾದೀತು. ದೂರಿನ ಪ್ರತಿಯನ್ನು ಉಚಿತವಾಗಿ ಕೊಡತಕ್ಕದ್ದು, ಕೇಳಿ ಪಡೆಯಬೇಕು.

ಸರಕಾರಿ ಕಚೇರಿಯಲ್ಲಿ ಕಡತಗಳ ನಡುವೆ ದಿನ ಕಳೆಯುವ ನಮಗೆ ಚೆನ್ನಾಗಿ ಗೊತ್ತಿರುವ ಸಂಗತಿಯೊಂದೇ: ಕಾಗದವಿಲ್ಲದ ಸತ್ಯಕ್ಕೆ ಬೆಲೆ ಕಡಿಮೆ. ದೂರಿನ ಪ್ರತಿ, ಪಂಚನಾಮೆ, ಗಾಯದ ಪ್ರಮಾಣಪತ್ರ, ಔಷಧದ ಚೀಟಿಗಳು, ಎಕ್ಸ್‌ರೇ, ಆಟೋರಿಕ್ಷಾಕ್ಕೆ ಕೊಟ್ಟ ಹಣದ ಲೆಕ್ಕ, ಸಂಬಳದ ಚೀಟಿ, ರಜೆಯ ಪತ್ರ, ಇವೆಲ್ಲವನ್ನೂ ಒಂದೇ ಫೈಲಿನಲ್ಲಿ ತಾರೀಖಿನಂತೆ ಜೋಡಿಸಿಡಬೇಕು.

ಅರ್ಜಿಗೆ ಕಾಯಿದೆ ಹಾಕಿದ ಗಡುವು ಅಪಘಾತದಿಂದ ಆರು ತಿಂಗಳು. ಪೋಲೀಸರು 90 ದಿನಗಳೊಳಗೆ ನ್ಯಾಯಮಂಡಳಿಗೆ ವಿವರವಾದ ವರದಿ ಸಲ್ಲಿಸಬೇಕೆಂದು 2022ರ ನಿಯಮಗಳು ಹೇಳುತ್ತವೆ. ಅದನ್ನೇ ಅರ್ಜಿಯೆಂದು ಎಣಿಸಲೂಬಹುದು. ಆದರೆ ಅದನ್ನೇ ನಂಬಿ ಕೈಕಟ್ಟಿ ಕೂರುವುದು ಜಾಣತನವಲ್ಲ.

ಮೊತ್ತದ ಲೆಕ್ಕ

ಒಂದು ಉದಾಹರಣೆ ನೋಡೋಣ. ತಿಂಗಳಿಗೆ 20,000 ರೂಪಾಯಿ ಗಳಿಸುವ 38 ವರ್ಷದವರೊಬ್ಬರ ಕಾಲು ಮುರಿದು, ದುಡಿಮೆಯ ಶಕ್ತಿಯಲ್ಲಿ ನೂರಕ್ಕೆ 20ರಷ್ಟು ಶಾಶ್ವತವಾಗಿ ಕುಂದಿತೆನ್ನಿ. ವರ್ಷದ ನಷ್ಟ 48,000. ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ಸರ್ಲಾ ವರ್ಮಾ ಮೊಕದ್ದಮೆಯಲ್ಲಿ ನಿಗದಿಪಡಿಸಿದ ಪಟ್ಟಿಯಂತೆ ಈ ವಯಸ್ಸಿಗೆ ಗುಣಕ 15. ಗುಣಿಸಿದರೆ 7,20,000 ರೂಪಾಯಿ. ಚಿಕಿತ್ಸೆಯ ವೆಚ್ಚ, ನೋವಿನ ಪರಿಹಾರ, ಕೆಲಸ ತಪ್ಪಿದ ದಿನಗಳ ಸಂಬಳ, ಇವು ಬೇರೆ. ಆಸ್ಪತ್ರೆಯ ಹಾಸಿಗೆಯ ಬಳಿ ಕೈಗಿತ್ತ ಇಪ್ಪತ್ತು ಸಾವಿರವನ್ನು ಇದರ ಪಕ್ಕದಲ್ಲಿಟ್ಟು ನೋಡಿ!

‘ಗಳಿಕೆಯಿಲ್ಲದ ಹೆಂಗಸಿಗೆ ಪರಿಹಾರವೆಲ್ಲಿಯದು?’ ಎಂದು ಕೇಳುವವರುಂಟು. ಗೃಹಿಣಿಯ ದುಡಿಮೆಗೂ ಹಣದ ಬೆಲೆ ಕಟ್ಟಲೇಬೇಕೆಂದು 2021ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿದೆ.

ತಪ್ಪು ಯಾರದೆಂಬ ವಿಚಾರಣೆಯಿಲ್ಲದೆ, ಮರಣಕ್ಕೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಪಡೆಯುವ ಮಾರ್ಗವೂ 164ನೆಯ ಕಲಮಿನಲ್ಲಿದೆ. ಆದರೆ ಇದನ್ನು ಒಪ್ಪಿಕೊಂಡರೆ 166ನೆಯ ಕಲಮಿನ ದೊಡ್ಡ ಅರ್ಜಿ ಬಿದ್ದುಹೋಗುತ್ತದೆ. ವಿಚಾರಿಸಿಯೇ ಆರಿಸಿಕೊಳ್ಳಬೇಕು.

ಗುದ್ದಿದ ವಾಹನ ಪತ್ತೆಯೇ ಆಗದಿದ್ದರೆ? 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಯೋಜನೆಯಂತೆ ಮರಣಕ್ಕೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. ಮೂಳೆ ಮುರಿತವೂ ತೀವ್ರ ಗಾಯವೇ. ಇದಕ್ಕೆ ಕೋರ್ಟಿಗಲ್ಲ, ಅಪಘಾತವಾದ ತಾಲೂಕಿನ ಅಥವಾ ಉಪವಿಭಾಗದ ವಿಚಾರಣಾಧಿಕಾರಿಗೆ ಅರ್ಜಿ ಕೊಡಬೇಕು.

ವಕೀಲರ ಮಾತು

ವಕೀಲರಿಗೆ ಹಣವಿಲ್ಲವೆಂದು ಹಿಂಜರಿಯಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯಿದೆಯಂತೆ ಹೆಂಗಸರು, ಮಕ್ಕಳು, ಅಂಗವಿಕಲರು, ಪರಿಶಿಷ್ಟ ಜಾತಿ ಪಂಗಡದವರು, ಕೈಗಾರಿಕಾ ಕಾರ್ಮಿಕರು ವರಮಾನ ಎಷ್ಟೇ ಇರಲಿ ಉಚಿತವಾಗಿ ವಕೀಲರನ್ನು ಪಡೆಯಬಹುದು. ಉಳಿದವರಿಗೆ ವರಮಾನದ ಮಿತಿಯುಂಟು. ಪ್ರತಿ ಜಿಲ್ಲೆಯಲ್ಲೂ ಪ್ರಾಧಿಕಾರದ ಕಚೇರಿಯಿದೆ. ಉಚಿತ ಕರೆಯ ಸಂಖ್ಯೆ 15100. ಆಸ್ಪತ್ರೆಯ ಬಾಗಿಲಲ್ಲೇ ನಿಂತು ‘ಬಂದದ್ದರಲ್ಲಿ ಇಷ್ಟು ಪಾಲು ಕೊಡಿ’ ಎನ್ನುವವರಿಂದ ದೂರವಿರಬೇಕು. ಪರಿಹಾರದಲ್ಲಿ ಪಾಲು ಗೊತ್ತುಮಾಡಿಕೊಳ್ಳುವುದು ವಕೀಲಿ ವೃತ್ತಿಯ ನಿಯಮಕ್ಕೇ ವಿರುದ್ಧ.

ಕೊನೆಯದಾಗಿ ನಮ್ಮ ಸಂಘಗಳಿಗೊಂದು ವಿನಂತಿ. ರಾಜ್ಯೋತ್ಸವ, ನಾಟಕ, ಸಂಗೀತಗಳನ್ನು ನಾವು ಸೊಗಸಾಗಿ ನಡೆಸುತ್ತೇವೆ. ಅದರ ಜೊತೆಗೆ, ಸ್ಥಳೀಯ ಭಾಷೆಯನ್ನು ಓದಿ ಬರೆಯಬಲ್ಲ ನಾಲ್ಕಾರು ಸದಸ್ಯರ ಹೆಸರುಗಳನ್ನು ಪ್ರತಿ ಬಡಾವಣೆಯಲ್ಲೂ ಗುರುತಿಸಿಟ್ಟರೆ ಎಷ್ಟು ಉಪಕಾರವಾದೀತು! ಪೆಟ್ಟು ತಿಂದವನ ಜೊತೆ ಠಾಣೆಗೆ ಹೋಗಿ ದೂರನ್ನು ಓದಿ ಹೇಳಲು ಬಿ.ಎಲ್. ಪದವಿ ಬೇಕಿಲ್ಲ. ಅರ್ಧ ದಿನದ ರಜೆ ಸಾಕು.