ಜೋಳದ ಕೂಳೆಗೆ ದನ ಬಿಡುವ ಮುಂಚೆ

ನಮ್ಮದು ಎಂಟು ಎಕರೆ ಎರಿಭೂಮಿ, ಮಳೆ ನಂಬಿದ ಒಕ್ಕಲುತನ. ದೀಪಾವಳಿ ಹೊತ್ತಿಗೆ ಮುಂಗಾರಿ ಜೋಳ ಕೊಯ್ದರೆ, ಹಿಂಗಾರಿ ಬಿಳಿಜೋಳದ ಕಣಿಕಿ ಮನೆಗೆ ಬರುವುದು ಫೆಬ್ರವರಿಗೆ. ನಡುವಿನ ಚಳಿ ತಿಂಗಳಲ್ಲಿ ದನ ಕೊಯ್ದ ಹೊಲಕ್ಕೆ ಬಿಡುವುದು ಎಲ್ಲರ ರೂಢಿ. ಬಿಟ್ಟಿ ಮೇವು. ನಾನೂ ಹಾಗೇ ಮಾಡುತ್ತಿದ್ದೆ.

2018ರಲ್ಲಿ ಮಳೆ ಕೈಕೊಟ್ಟಿತ್ತು. ಜೋಳ ಕೊಯ್ದ ಮೇಲೆ ಒಂದು ಸಣ್ಣ ಮಳೆ ಬಿದ್ದು ಕೂಳೆ ಚಿಗುರಿತು. ಗೇಣುದ್ದ ಹಸಿರು ಕಂಡು ಹಿಗ್ಗಿ, ಮುಂಜಾನೆ ಹಸಿದ ಹೊಟ್ಟೆಯ ಎರಡು ಆಕಳು ಬಿಟ್ಟೆ. ಅರ್ಧ ತಾಸಾಗಿರಲಿಕ್ಕಿಲ್ಲ, ಮನೆಯಾಕಿ ಕೂಗಿದಳು: "ನೋಡ್ರೀ, ಗಬ್ಬದ ಆಕಳ ಬಿದ್ದೈತಿ, ಲಗೂನ ಬರ್ರೀ!" ಉಸಿರು ಮೇಲೆ ಕೆಳಗೆ, ಬಾಯಲ್ಲಿ ನೊರೆ, ಕಾಲು ಝಾಡಿಸುತ್ತಿತ್ತು. ಹಾವು ಮುಟ್ಟಿತೆಂದರು ಕೆಲವರು, ದೃಷ್ಟಿ ಎಂದರು ಕೆಲವರು. ದವಾಖಾನೆಗೆ ಹುಡುಗನನ್ನು ಓಡಿಸಿದೆವು. ಡಾಕ್ಟರು ಬರುವುದರೊಳಗೆ ಅದು ಸತ್ತಿತ್ತು. ಇನ್ನೊಂದು ತೂರಾಡುತ್ತಿತ್ತು, ರಕ್ತನಾಳಕ್ಕೆ ಸೋಡಿಯಂ ಥಯೋಸಲ್ಫೇಟ್ ಸೂಜಿ ಹಾಕಿದರು, ಉಳಿಯಿತು.

"ಎಳೇ ಚಿಗುರಿನಾಗ ಸೈನೈಡ್ ವಿಷ ಇರತೈತ್ರೀ, ಬರಗಾಲದಾಗ ಜಾಸ್ತಿ" ಎಂದರು ಡಾಕ್ಟರು. ಬಾಡಿದ, ಮೊಣಕಾಲಿಗಿಂತ ಗಿಡ್ಡ ಜೋಳ, ಕೊಯ್ದ ಮೇಲೆ ಒಡೆದ ಕೂಳೆ, ಯೂರಿಯಾ ಹೆಚ್ಚು ಬಿದ್ದ ಹೊಲ, ಇವು ಮೂರೂ ಅಪಾಯ. ಹೂ ಬಿಟ್ಟ ಬೆಳೆಯಲ್ಲಿ ಕಡಿಮೆ. ಹಸಿದ ದನ ಗಬಗಬ ತಿಂದರೆ ಒಮ್ಮೆಲೇ ಏರುತ್ತದೆ. ಇಷ್ಟು ವರ್ಷ ಒಕ್ಕಲುತನ ಮಾಡಿ ಇದನ್ನು ಒಂದು ಆಕಳು ಕೊಟ್ಟು ಕಲಿತೆ.

ಈಗ ನನ್ನ ರೀತಿ ಬೇರೆ. ಕೂಳೆ ಚಿಗುರಿದರೆ ಕೊಯ್ದು ಬಿಸಿಲಿಗೆ ಹರವುತ್ತೇನೆ. ಚೆನ್ನಾಗಿ ಒಣಗಿದರೆ ವಿಷ ಬಹಳ ಇಳಿಯುತ್ತದೆ. ಆಮೇಲೂ ಕಣಿಕಿಗೆ ಕಲಿಸಿ ಸ್ವಲ್ಪ ಸ್ವಲ್ಪವೇ ಹಾಕುವುದು. ಹೊರಗೆ ಬಿಡುವ ಮುಂಚೆ ಗೋದಲಿಯಲ್ಲಿ ಒಣ ಮೇವು ಹೊಟ್ಟೆ ತುಂಬ.

ಚಳಿಗಾಲಕ್ಕೆ ಗಟ್ಟಿ ಮೇವೆಂದರೆ ಹಳೇ ಬಣವಿಯೇ. ಎತ್ತೊಂದಕ್ಕೆ ದಿನಕ್ಕೆ ಏಳೆಂಟು ಕಿಲೋ ಒಣ ಮೇವು ಹಿಡಿಯುತ್ತದೆ. ಇಡೀ ಕಣಿಕಿ ಹಾಕಿದರೆ ಎಲೆ ತಿಂದು ದಂಟು ತುಳಿಯುತ್ತವೆ. ಎರಡು ಬೆರಳುದ್ದ ಕತ್ತರಿಸಿದರೆ ದಂಟೂ ಹೋಗುತ್ತದೆ. ಅದಕ್ಕೆ ಶೇಂಗಾ ಹೊಟ್ಟು, ತೊಗರಿ ಹೊಟ್ಟು ಕಲಿಸಿ, ಉಪ್ಪು ನೀರು ಚಿಮುಕಿಸುತ್ತೇನೆ. ಕಾಳು ಬೆಳೆಯ ಹೊಟ್ಟಿನಲ್ಲಿ ಕಣಿಕಿಗಿಂತ ಸತ್ವ ಹೆಚ್ಚು, ಅದನ್ನು ಕಣದಲ್ಲೇ ಸುಡುವವರನ್ನು ಕಂಡರೆ ಸಿಟ್ಟು ಬರುತ್ತದೆ.

ಕೂಳೆ ಒಡೆದ ವರ್ಷ ಬದುವಿಗೆ ಮುಳ್ಳು ಹಚ್ಚುತ್ತೇನೆ. ಪಕ್ಕದವರ ಎಮ್ಮೆ ಹೇಳಿ ಕೇಳಿ ಬರುವುದಿಲ್ಲವಲ್ಲ.