ಒಮ್ಮೆ ಕೊಟ್ಟರೆ ಸಾಲದ ಔಷಧ



ಕಳೆದ ತಿಂಗಳು ನಮ್ಮ ವೈದ್ಯಕೀಯ ನೆರವು ಸಮಿತಿಗೆ ಬಂದ ಅರ್ಜಿಯೊಂದರ ಬಗ್ಗೆ ನಿಮಗೆ ಹೇಳಲೇಬೇಕು. ಆರು ವರ್ಷದ ಹುಡುಗ. ತಂದೆ ಘಾಟ್‌ಕೋಪರಿನ ಹೋಟೆಲೊಂದರಲ್ಲಿ ಕ್ಯಾಶಿಯರ್. ಒಂದೇ ವರ್ಷದಲ್ಲಿ ಎರಡು ಸಲ ನ್ಯುಮೋನಿಯಾ. ಕಿವಿ ಸೋರುವುದು ನಿಂತೇ ಇಲ್ಲ. ಆ್ಯಂಟಿಬಯಾಟಿಕ್ ಕೊಟ್ಟರೆ ವಾಸಿ, ನಿಲ್ಲಿಸಿದರೆ ಮತ್ತೆ ಜ್ವರ. ಸೋಂಕಿನ ವಿರುದ್ಧ ಹೋರಾಡುವ ಇಮ್ಯುನೋಗ್ಲಾಬ್ಯುಲಿನ್ ಎಂಬ ಪ್ರೋಟೀನು ಅವನ ದೇಹದಲ್ಲಿ ತಯಾರಾಗುತ್ತಲೇ ಇಲ್ಲವೆಂದು ಕೊನೆಗೆ ರಕ್ತಪರೀಕ್ಷೆಯಿಂದ ತಿಳಿಯಿತು.

ನಾನು ಓದಿದ್ದು ಬಿ.ಕಾಂ. ವೈದ್ಯರನ್ನು ಕೇಳಿ ಅರ್ಥಮಾಡಿಕೊಂಡದ್ದನ್ನು ಬರೆಯುತ್ತಿದ್ದೇನೆ.

ಈ ಕಾಯಿಲೆಯನ್ನು 1952ರಲ್ಲಿ ಮೊದಲು ವಿವರಿಸಿದವರು ಅಮೆರಿಕದ ಡಾ. ಓಗ್ಡನ್ ಬ್ರೂಟನ್. ತಾಯಿಯ ಎಕ್ಸ್ ಕ್ರೋಮೊಸೋಮಿನ ಮೂಲಕ ಬರುವುದರಿಂದ ಸಾಮಾನ್ಯವಾಗಿ ಗಂಡುಮಕ್ಕಳಲ್ಲೇ ಕಾಣುತ್ತದೆ. ತಾಯಿ ಆರೋಗ್ಯವಾಗಿಯೇ ಇರುತ್ತಾಳೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಹುಟ್ಟುವಾಗ ತಾಯಿಯಿಂದ ಬಂದ ರಕ್ಷಣೆ ಸುಮಾರು ಆರು ತಿಂಗಳಲ್ಲಿ ಮುಗಿಯುತ್ತದೆ. ಆಮೇಲೆ ಸೋಂಕು ಶುರು.

ಆ್ಯಂಟಿಬಯಾಟಿಕ್ ಬೇಕೇ ಬೇಕು. ಆದರೆ ಅದು ಅಂದಿನ ಸೋಂಕನ್ನು ತೀರಿಸುತ್ತದೆಯೇ ಹೊರತು ಕೊರತೆಯನ್ನು ತುಂಬುವುದಿಲ್ಲ. ಸೋಂಕು ಮರುಕಳಿಸುತ್ತಿದ್ದರೆ ಶ್ವಾಸನಾಳಗಳು ಹಿಗ್ಗಿ, ಕಫ ಕಟ್ಟಿಕೊಂಡು, ಬ್ಯಾಕ್ಟೀರಿಯಾ ಅಲ್ಲೇ ಬೀಡುಬಿಡುತ್ತವೆ. ಹಾಗೆ ಕೆಟ್ಟ ಶ್ವಾಸಕೋಶವನ್ನು ಸರಿಪಡಿಸುವುದು ಬಹಳ ಕಷ್ಟ.

ಕೊರತೆ ತುಂಬಲು, ದಾನಿಗಳ ರಕ್ತದ ಪ್ಲಾಸ್ಮಾದಿಂದ ತಯಾರಿಸಿದ ಇಮ್ಯುನೋಗ್ಲಾಬ್ಯುಲಿನನ್ನು ಮೂರು-ನಾಲ್ಕು ವಾರಕ್ಕೊಮ್ಮೆ ಡ್ರಿಪ್ ಮೂಲಕ ಕೊಡಬೇಕು, ಅದೂ ಜೀವನಪೂರ್ತಿ. ಪ್ರಮಾಣ ಸಾಮಾನ್ಯವಾಗಿ ಕಿಲೋ ತೂಕಕ್ಕೆ 400ರಿಂದ 600 ಮಿಲಿಗ್ರಾಂ. 20 ಕಿಲೋ ತೂಗುವ ಈ ಹುಡುಗನಿಗೆ ಪ್ರತಿ ಸಲ 8ರಿಂದ 12 ಗ್ರಾಂ, ಅಂದರೆ 5 ಗ್ರಾಂನ ಸುಮಾರು ಎರಡು ಬಾಟಲಿ. ಕೊಟ್ಟದ್ದು ಮೂರು ವಾರದಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಜಮೆ ತಪ್ಪಿದರೆ ಖಾತೆ ಬರಿದಾಗುತ್ತದೆ, ಸೋಂಕು ಮರಳುತ್ತದೆ. ತಪ್ಪದೆ ಸಿಕ್ಕಿದರೆ ಅವನು ಉಳಿದ ಮಕ್ಕಳಂತೆ ಶಾಲೆಗೆ ಹೋಗಬಲ್ಲ.

ನಮ್ಮ ನಿಧಿಯಿಂದ ನಾವು ಒಂದು ಅರ್ಜಿಗೆ ಒಂದೇ ಸಲ ಚೆಕ್ ಕೊಡುವುದು ರೂಢಿ. ಶಸ್ತ್ರಚಿಕಿತ್ಸೆಗೆ ಅದು ಸರಿ, ಇಲ್ಲಿ ಸಾಲದು. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ನೆರವು ಕೋರಿ ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ಅರ್ಜಿ ಹಾಕಿಸಿದ್ದೇವೆ. ಮಂಜೂರಾತಿ ಬರುವವರೆಗೆ ಸೋಂಕು ಕಾಯುವುದಿಲ್ಲವಲ್ಲ!

ಆದ್ದರಿಂದ ನನ್ನ ವಿನಂತಿ: ದೊಡ್ಡ ಮೊತ್ತವೇ ಆಗಬೇಕೆಂದಿಲ್ಲ. ನಿಮ್ಮಿಂದಾದಷ್ಟನ್ನು ಪ್ರತಿ ತಿಂಗಳು ಸಂಘದ ವೈದ್ಯಕೀಯ ನಿಧಿಗೆ ಕಳುಹಿಸಲು ಬ್ಯಾಂಕಿಗೆ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಡಿ. ಫಾರಂ ತುಂಬಲು ನಾನು ಪ್ರತಿ ಭಾನುವಾರ ಬೆಳಿಗ್ಗೆ ಸಂಘದ ಕಚೇರಿಯಲ್ಲಿರುತ್ತೇನೆ.

ಇನ್ನೊಂದು ಮಾತು. ನಿಮ್ಮ ಬಂಧುಬಳಗದಲ್ಲಿ ಯಾವುದಾದರೂ ಮಗುವಿಗೆ ನ್ಯುಮೋನಿಯಾ ಮತ್ತೆ ಮತ್ತೆ ಬರುತ್ತಿದ್ದರೆ, ಇಮ್ಯುನೋಗ್ಲಾಬ್ಯುಲಿನ್ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಲು ಹೇಳಿ.