ಮಸಾಲೆ ಪುರಿಯಲ್ಲಿ ಮೆಂಡೆಲ್

ಮಸಾಲೆ ಪುರಿಯ ದಪ್ಪ ರಸಕ್ಕೆ ಯಾವ ಹಿಟ್ಟೂ ಬೇಕಿಲ್ಲ. ಅದು ಬೆಂದು ಒಡೆದ ಒಣ ಬಟಾಣಿಯ ಕೆಲಸ. ಜಯನಗರ, ಬನಶಂಕರಿ ಕಡೆಯ ಚಾಟ್ ಗಾಡಿಗಳಲ್ಲಿ ನೋಡಿ: ಅಗಲ ತವಾದ ನಡುವೆ ರಸ ಕುದಿಯುತ್ತಿರುತ್ತದೆ, ಅಂಚಿನಲ್ಲಿ ಕಾಳಿನ ಗುಡ್ಡೆ. ಗಿರಾಕಿ ಬಂದಂತೆಲ್ಲ ಸೌಟಿನ ಬೆನ್ನಿನಿಂದ ಒಂದಿಷ್ಟು ಕಾಳು ಅರೆದು ರಸಕ್ಕೆ ಎಳೆದುಕೊಳ್ಳುತ್ತಾರೆ. ಅದೇ ಜಾಗಕ್ಕೆ ಸಾಗುವಿಗೆ ಸುಲಿದಿಟ್ಟ ಹಸಿ ಬಟಾಣಿ ಹಾಕಿದರೆ ಆ ದಪ್ಪ ಬರುವುದಿಲ್ಲ.

ಒಂದು ಒಣಗಿದ್ದು, ಇನ್ನೊಂದು ಎಳೆಯದು ಎಂಬುದು ಅರ್ಧ ಕಾರಣ. ಉಳಿದರ್ಧ ತಳಿಯದು. ಚಾಟ್‌ನ ಬಿಳಿ ಬಟಾಣಿ ಒಣಗಿದರೂ ಗುಂಡಗೆ, ನುಣ್ಣಗಿರುತ್ತದೆ. ಹಸಿಯಾಗಿ ತಿನ್ನುವ ಸಿಹಿ ತಳಿಗಳಲ್ಲಿ ಹೆಚ್ಚಿನವನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟರೆ ಕಾಳು ಸುಕ್ಕುಗಟ್ಟುತ್ತದೆ. ಹೈಸ್ಕೂಲಿನಲ್ಲಿ ಉರು ಹೊಡೆದ ಮೆಂಡೆಲನ ಗುಂಡು–ಸುಕ್ಕು ಇವೇ. 1866ರಲ್ಲಿ ಅಚ್ಚಾದ ಪ್ರಬಂಧದಲ್ಲಿ ಆತ ಕೊಟ್ಟ ಲೆಕ್ಕ 5,474 ಗುಂಡು, 1,850 ಸುಕ್ಕು. 3:1 ಎಂದು ಬರೆದು ಅಂಕ ಗಳಿಸಿದ ನಾವು, ಸುಕ್ಕು ಏಕೆ ಬಂತೆಂದು ಮೇಷ್ಟರನ್ನು ಕೇಳಲಿಲ್ಲ.

ಕೇಳಿದ್ದರೂ ಉತ್ತರವಿರಲಿಲ್ಲವೇನೋ. ಅದು ಸಿಕ್ಕಿದ್ದು 1990ರಲ್ಲಿ, ಇಂಗ್ಲೆಂಡಿನ ಜಾನ್ ಇನ್ಸ್ ಸಂಸ್ಥೆಯಲ್ಲಿ. ಕಾಳಿನೊಳಗೆ ಪಿಷ್ಟದ ಸರಪಳಿಗೆ ಕವಲು ಮೂಡಿಸುವ ಕಿಣ್ವವೊಂದಿದೆ. ಸುಕ್ಕು ಬಟಾಣಿಯಲ್ಲಿ ಅದರ ಜೀನಿನ ನಡುವೆ ಸುಮಾರು 800 ಅಕ್ಷರಗಳಷ್ಟು ಹೊರಗಿನ ಡಿಎನ್‌ಎ ತೂರಿಕೊಂಡು ಕಿಣ್ವವನ್ನು ಕೆಡಿಸಿದೆ. ಪಿಷ್ಟವಾಗಬೇಕಿದ್ದ ಸಕ್ಕರೆಯಲ್ಲಿ ಒಂದು ಪಾಲು ಹಾಗೆಯೇ ಉಳಿಯುತ್ತದೆ, ನೀರೆಳೆದುಕೊಳ್ಳುತ್ತದೆ, ಕಾಳು ಉಬ್ಬುತ್ತದೆ. ಒಣಗುವಾಗ ಆ ನೀರೆಲ್ಲ ಆರಿ, ಹಿಗ್ಗಿದ್ದ ಸಿಪ್ಪೆ ಮುದುಡುತ್ತದೆ. ನಮ್ಮ ಪಲಾವಿನ ಸಿಹಿ ಒಂದು ಕೆಟ್ಟ ಜೀನಿನ ಕೊಡುಗೆ.

ಕವಲಿಲ್ಲದ ಪಿಷ್ಟಕ್ಕೆ ಅಮೈಲೋಸ್ ಎನ್ನುತ್ತಾರೆ. ಗುಂಡು ಬಟಾಣಿಯ ಪಿಷ್ಟದಲ್ಲಿ ಅದು ಸುಮಾರು ಮೂರನೇ ಒಂದು ಪಾಲು, ಸುಕ್ಕಿನಲ್ಲಿ ಅರ್ಧಕ್ಕಿಂತ ಜಾಸ್ತಿ. ಅಮೈಲೋಸ್ ಹೆಚ್ಚಿದ್ದರೆ ಪಿಷ್ಟದ ಕಣಗಳು ಕುದಿಯುವ ನೀರಿನಲ್ಲೂ ಸುಲಭಕ್ಕೆ ಒಡೆಯವು. ಕರುಳಿನಲ್ಲೂ ನಿಧಾನವಾಗಿ ಜೀರ್ಣವಾಗುತ್ತವೆ. ಸುಕ್ಕು ಬಟಾಣಿ ತಿಂದವರಲ್ಲಿ ಊಟದ ನಂತರ ರಕ್ತದ ಸಕ್ಕರೆ ಕಡಿಮೆ ಏರುತ್ತದೆಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಇತರರೊಡನೆ 2020ರಲ್ಲಿ ವರದಿ ಮಾಡಿದರು. ಲಾಲ್‌ಬಾಗಿನಲ್ಲಿ ಶುಗರ್‌ಗೆ ಹೆದರಿ ಬಿರಬಿರನೆ ನಡೆಯುವವರು ಗಮನಿಸಬಹುದು.

ಹಾಗೆಂದು ಗುಂಡು ಬಟಾಣಿ ಬಡವಲ್ಲ. 100 ಗ್ರಾಂ ಹಸಿ ಕಾಳಿನಲ್ಲಿ ಪ್ರೋಟೀನು 5 ಗ್ರಾಂ ಚಿಲ್ಲರೆ, ನಾರು ಹೆಚ್ಚುಕಡಿಮೆ ಅಷ್ಟೇ, ವಿಟಮಿನ್ ಸಿ ಸುಮಾರು 40 ಮಿಲಿಗ್ರಾಂ. ಒಣ ಕಾಳಿನಲ್ಲಿ ನೀರು ಹೋಗಿರುವುದರಿಂದ ಪ್ರೋಟೀನು 20 ಗ್ರಾಂ ದಾಟುತ್ತದೆ, ವಿಟಮಿನ್ ಸಿ ಮಾತ್ರ ಹೆಸರಿಗಷ್ಟೆ. ಅನ್ನದಲ್ಲಿ ಕೊರತೆಯಿರುವ ಲೈಸೀನ್ ಎಂಬ ಅಮೈನೋ ಆಮ್ಲ ಎರಡರಲ್ಲೂ ಧಾರಾಳ.  

ಕಾಳು ಬೇಗ ಮೆತ್ತಗಾಗಲೆಂದು ಹಾಕುವ ಅಡುಗೆ ಸೋಡಾ ಥಯಮಿನ್ ಎಂಬ ಬಿ ವಿಟಮಿನ್ನನ್ನು ಹಾಳುಮಾಡುತ್ತದೆ. ಮನೆಯಲ್ಲಿ ರಾತ್ರಿ ನೆನೆಸಿ ಕುಕ್ಕರಿನಲ್ಲಿಟ್ಟರೆ ಸೋಡಾ ಸಾಮಾನ್ಯವಾಗಿ ಬೇಕಾಗುವುದಿಲ್ಲ. ನೆನೆಸಿದ ನೀರು ಚೆಲ್ಲಿ: ಹೊಟ್ಟೆಯುಬ್ಬರ ತರುವ ರಾಫಿನೋಸ್, ಸ್ಟಾಕಿಯೋಸ್ ಸಕ್ಕರೆಗಳು ಒಂದಷ್ಟು ಅದರೊಂದಿಗೆ ಹೋಗುತ್ತವೆ. ಮೇಲೆ ಹಿಂಡುವ ನಿಂಬೆಹಣ್ಣು ಬಟಾಣಿಯ ಕಬ್ಬಿಣ ಮೈಗೆ ಹತ್ತಲು ನೆರವಾಗುತ್ತದೆ. ಎಣ್ಣೆಯಲ್ಲಿ ಕರಿದ ಪುರಿಯ ಪರ ವಾದಿಸಲು ನನ್ನ ಬಳಿ ಏನೂ ಇಲ್ಲ.

ಹಸಿ ಬಟಾಣಿಯನ್ನು ಕಾಯಿಯಲ್ಲೇ ಕೊಂಡು, ಅದೇ ದಿನ ಸುಲಿದು ಬೇಯಿಸುವುದು ಲೇಸು. ಕಿತ್ತ ಮೇಲೂ ಕಾಳಿನ ಸಿಹಿ ಇಳಿಯುತ್ತಲೇ ಇರುತ್ತದೆ. ಸುಲಿದ ಕಾಳು ತೀರಾ ಹಸಿರಾಗಿ ಮಿಂಚುತ್ತಿದ್ದರೆ ಗಾಜಿನ ಲೋಟದ ನೀರಿನಲ್ಲಿ ಅರ್ಧ ಗಂಟೆ ಬಿಡಿ. ನೀರಿಗೆ ಹಸಿರು ಬಿಟ್ಟುಕೊಂಡರೆ ಅದು ಬಣ್ಣ ಬಳಿದ ಕಾಳು, ಎಸೆಯಬೇಕಾದ್ದು.